ಬೆನ್ನುಹುರಿಯ ನರ ಬೆಳೆಯಲಾರದೆ?

ಕುಡುಗೋಲು ತಾಗಿ ಜೋಮುಗಟ್ಟಿದ ಬೆರಳಿಗೆ ಕೆಲವು ತಿಂಗಳಲ್ಲಿ ಸ್ಪರ್ಶ ಮರಳುತ್ತದೆ. ತೆಂಗಿನ ಮರದಿಂದ ಬಿದ್ದು ಬೆನ್ನುಹುರಿ ತುಂಡಾದವರ ಕಾಲಿಗೆ ಏಕೆ ಮರಳುವುದಿಲ್ಲ? ಎರಡೂ ನರವೇ ಅಲ್ಲವೇ? ಹೀಗೆಂದು ಓದುಗರೊಬ್ಬರು ಕೇಳಿದ್ದಾರೆ. ಸೊಗಸಾದ ಪ್ರಶ್ನೆ!

ಕೈಕಾಲಿನ ನರ ತುಂಡಾದರೆ ಅದರ ಎಳೆ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮತ್ತೆ ಬೆಳೆಯುತ್ತದೆ. ಮಿದುಳು, ಬೆನ್ನುಹುರಿಗಳ ನರಕೋಶಕ್ಕೆ ಆ ಶಕ್ತಿಯೇ ಇಲ್ಲವೆಂದು ಬಹುಕಾಲ ನಂಬಲಾಗಿತ್ತು. ಈಗಲೂ ಹಾಗೆ ಹೇಳುವವರಿದ್ದಾರೆ. ಅದು ತಪ್ಪು.

ತಪ್ಪೆಂದು ತೋರಿಸಿಕೊಟ್ಟವರು ಆಲ್ಬರ್ಟ್ ಅಗ್ವಾಯೊ. ಅರ್ಜೆಂಟೀನಾದಲ್ಲಿ ಹುಟ್ಟಿ, ಅಲ್ಲೇ ವೈದ್ಯಕೀಯ ಓದಿ, ಕೆನಡಾದ ಮಾಂಟ್ರಿಯಲ್‌ನಲ್ಲಿ ನೆಲೆಸಿದ ನರವಿಜ್ಞಾನಿ. 1981ರಲ್ಲಿ ಅವರು ಸ್ಯಾಮ್ಯುಯೆಲ್ ಡೇವಿಡ್ ಜೊತೆಗೂಡಿ ಇಲಿಯ ಕಾಲಿನ ನರದ ಒಂದು ತುಂಡನ್ನು ತೆಗೆದು, ಒಂದು ತುದಿಯನ್ನು ಮಿದುಳಿನ ಬುಡಕ್ಕೂ ಇನ್ನೊಂದನ್ನು ಬೆನ್ನುಹುರಿಗೂ ಸೇತುವೆಯಂತೆ ಕಸಿ ಮಾಡಿದರು. ಕತ್ತರಿಸಿದ ತುಂಡಿನೊಳಗಿನ ಹಳೆಯ ಎಳೆಗಳು ಸಾಯುತ್ತವೆ. ಅವುಗಳನ್ನು ಸುತ್ತಿದ್ದ ಶ್ವಾನ್ ಕೋಶಗಳು ಉಳಿಯುತ್ತವೆ. ಆ ದಾರಿಯೊಳಗೆ ಹೊಸ ಎಳೆಗಳು ಬೆಳೆದವು, ಸುಮಾರು 30 ಮಿಲಿಮೀಟರ್!

ಆದರೆ ಅವು ಕೇಂದ್ರ ನರಮಂಡಲದವೇ, ಅಂದರೆ ಮಿದುಳು, ಬೆನ್ನುಹುರಿಯವೇ ಎನ್ನಲು ಪುರಾವೆ ಏನು? ಅಕ್ಕಪಕ್ಕದ ಮಾಮೂಲಿ ನರಗಳು ನುಸುಳಿರಬಹುದಲ್ಲ? 1911ರಲ್ಲೇ ಸ್ಪೇನಿನ ವಿಜ್ಞಾನಿ ಟೆಲ್ಲೊ ಇಂಥ ಕಸಿ ಮಾಡಿ ನೋಡಿದ್ದರು. ಆದರೆ ಎಳೆಯ ಮೂಲವನ್ನು ಹುಡುಕುವ ಉಪಾಯ ಆಗ ಇರಲಿಲ್ಲ. ಅಗ್ವಾಯೊ ಅವರಿಗೆ ನೆರವಾದದ್ದು ಒಂದು ಗೆಡ್ಡೆ! ಮೂಲಂಗಿಯ ಬಳಗದ, ಮೂಗಿಗೇರುವ ಘಾಟಿನ ಹಾರ್ಸ್‌ರ್ಯಾಡಿಷ್. ಅದರ ಒಂದು ಕಿಣ್ವವನ್ನು ಕಸಿಯೊಳಗಿನ ಎಳೆಗಳಿಗೆ ತಾಗಿಸಿದರೆ, ಎಳೆಯೇ ಅದನ್ನು ಹೀರಿ ಹಿಮ್ಮುಖವಾಗಿ ತನ್ನ ಮೂಲಕೋಶದವರೆಗೆ ಒಯ್ಯುತ್ತದೆ. ಆಮೇಲೆ ರಾಸಾಯನಿಕ ಹಾಕಿದಾಗ ಆ ಕೋಶ ಬಣ್ಣ ತಳೆಯುತ್ತದೆ. ಬಣ್ಣ ತಳೆದ ಕೋಶಗಳು ಮಿದುಳಿನ ಬುಡದಲ್ಲೂ ಬೆನ್ನುಹುರಿಯಲ್ಲೂ ಇದ್ದವು. ಇಷ್ಟು ನಿಚ್ಚಳವಾದ ಸಾಕ್ಷ್ಯ ವಿಜ್ಞಾನದಲ್ಲಿ ಅಪರೂಪ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯ. ಸೇತುವೆ ದಾಟಿ ಮತ್ತೆ ಬೆನ್ನುಹುರಿಯೊಳಕ್ಕೆ ಕಾಲಿಟ್ಟ ಅದೇ ಎಳೆಗಳು ತುಸು ದೂರದಲ್ಲೇ ನಿಂತುಬಿಟ್ಟವು. ಅಂದರೆ ಅಡ್ಡಿಯ ದೊಡ್ಡ ಪಾಲು ಇರುವುದು ಸುತ್ತಲಿನ ಪರಿಸರದಲ್ಲಿ. ಬೆಳವಣಿಗೆಯನ್ನು ತಡೆಯುವ ಪ್ರೊಟೀನುಗಳು ಅಲ್ಲಿರುವುದನ್ನು ಮುಂದೆ ಜ್ಯೂರಿಕ್‌ನ ಮಾರ್ಟಿನ್ ಶ್ವಾಬ್ ತೋರಿಸಿದರು.

 

ಅಗ್ವಾಯೊ ತಂಡ ಮುಂದೆ ಕಣ್ಣಿಗೆ ಕೈಹಾಕಿತು. ದೃಷ್ಟಿನರ ಕತ್ತರಿಸಿದ ಪ್ರಾಣಿಯಲ್ಲಿ ಕಣ್ಣಿನಿಂದ ಮಿದುಳಿಗೆ ಇದೇ ಬಗೆಯ ಸೇತುವೆ. 1989ರಲ್ಲಿ ವರದಿ ಬಂತು: ಅಕ್ಷಿಪಟಲದ ಎಳೆಗಳು ಮಿದುಳನ್ನು ಮುಟ್ಟಿ ಸಂಪರ್ಕ ಕಟ್ಟಿಕೊಂಡಿದ್ದವು, ಕಣ್ಣಿಗೆ ಬೆಳಕು ಬಿಟ್ಟಾಗ ಅಲ್ಲಿನ ಕೆಲವು ಕೋಶಗಳು ಸ್ಪಂದಿಸಿದ್ದವು.