ಮದುವೆಯ ಮನೆಗೆ ವೈನು ಕೊಂಡದ್ದು

ಮದ್ಯವನ್ನು ಮುಟ್ಟದವನು ಮದ್ಯದ ವಿಚಾರವಾಗಿ ಬರೆಯುವುದು, ಈಜು ಬಾರದವನು ಹೊಳೆಯ ಆಳವನ್ನು ವರ್ಣಿಸಿದಂತೆ ಎಂದು ವಾಚಕ ಮಹಾಶಯರು ನಗಬಹುದು. ನಗಲಿ, ಬಾಧಕವಿಲ್ಲ. ದೋಣಿಯಲ್ಲಿ ಕುಳಿತು ಹೊಳೆ ದಾಟಿದವನಿಗೂ ಹೇಳತಕ್ಕ ನಾಲ್ಕು ಮಾತುಗಳಿರುತ್ತವೆ. ಕಳೆದ ಜನವರಿ ತಿಂಗಳಲ್ಲಿ ನನಗೆ ಅಂತಹ ಒಂದು ದೋಣಿಯಲ್ಲಿ ಕುಳ್ಳಿರುವ ಪ್ರಸಂಗವು ಒದಗಿತು. ಮಂಗಳೂರಿನಲ್ಲಿ ನಮ್ಮ ಮನೆಯ ಬೇಲಿಯಾಚೆ ವಾಸಿಸುವವರು, ನಾನು ಸಂಸ್ಕೃತವನ್ನು ಪಾಠ ಹೇಳಿದ ಶಾಲೆಯಲ್ಲಿಯೇ ಗಣಿತವನ್ನು ಪಾಠ ಹೇಳಿ ನಿವೃತ್ತರಾದ ಮಾಸ್ತರರು, ಕ್ಯಾಥೊಲಿಕ ಕುಟುಂಬದವರು. ಉಪವಾಸ ಕಾಲವು ಬರುವುದಕ್ಕೆ ಮುಂಚೆ ಅವರ ಮಗಳ ವಿವಾಹವು ನಡೆಯತಕ್ಕುದಾಗಿತ್ತು. "ಪಂಡಿತರೇ, ನೀವು ಕುಡಿಯುವವರಲ್ಲ, ಆದ್ದರಿಂದ ಅಂಗಡಿಯಲ್ಲಿ ನಿಮ್ಮ ತಲೆ ತಿರುಗುವುದಿಲ್ಲ. ನನ್ನ ಜೊತೆಗೆ ಬನ್ನಿ" ಎಂದು ಅವರು ಕರೆದರು. ಮೂವತ್ತು ವರ್ಷದ ಸ್ನೇಹ. ಇಲ್ಲವೆನ್ನಲು ನಾಲಿಗೆ ಏಳಲಿಲ್ಲ.

ಅವರ ಸಮಾಜದ ಪದ್ಧತಿಯನ್ನು ಅರಿಯದವರಿಗಾಗಿ ಎರಡು ಮಾತು. ಇಗರ್ಜಿಯಲ್ಲಿ ವಿವಾಹ ಸಂಸ್ಕಾರವು ಮುಗಿದ ಬಳಿಕ ವಧೂವರರು ವಾದ್ಯದೊಂದಿಗೆ ಸಭಾಂಗಣವನ್ನು ಪ್ರವೇಶಿಸುತ್ತಾರೆ. ಕೇಕನ್ನು ಕತ್ತರಿಸಿ ಹಂಚಿದ ಮೇಲೆ ಟೋಸ್ಟು. ಕುಟುಂಬದ ಹಿರಿಯರೊಬ್ಬರು ಎದ್ದು ನಿಂತು ದಂಪತಿಗಳ ಗುಣವನ್ನು ಹೇಳಿ, ನಗಿಸಿ, ಹರಸಿ, ಕೈಯಲ್ಲಿನ ಗ್ಲಾಸನ್ನು ಮೇಲೆತ್ತುತ್ತಾರೆ. ಸಭೆಯೆಲ್ಲವೂ ಗ್ಲಾಸನ್ನೆತ್ತಿ ಶುಭವನ್ನು ಕೋರುತ್ತದೆ. ಆ ಗ್ಲಾಸಿನಲ್ಲಿರುವುದು ಎರಡು ಗುಟುಕು ವೈನು. ಅಮಲಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮಲ್ಲಿ ಮಂತ್ರಾಕ್ಷತೆಗೆ ಯಾವ ಸ್ಥಾನವೋ ಅಲ್ಲಿ ಅದಕ್ಕೆ ಆ ಸ್ಥಾನ. ಆದಕಾರಣ ವೈನು ಕೆಟ್ಟಿತೆಂದರೆ ಹೆಣ್ಣಿನ ತಂದೆಯ ಮಾನಕ್ಕೆ ಬಂತು. ಕಾಫಿ ನೀರಾಗಿತ್ತೆಂದು ಹತ್ತು ವರ್ಷದ ತನಕ ಬೀಗರಿಂದ ಆಡಿಸಿಕೊಂಡ ನಮ್ಮವರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಮನೆಯಲ್ಲಿ ಆಗಲೇ ಎರಡು ಪಕ್ಷಗಳಾಗಿದ್ದುವು. ದುಬೈಯಲ್ಲಿ ಉದ್ಯೋಗದಲ್ಲಿರುವ ಮಗನು ಷಾಂಪೇನೇ ಆಗಬೇಕೆಂದು ಹಟ ಹಿಡಿದಿದ್ದನು. ಮಾಸ್ತರರ ತಾಯಿ, ಎಂಬತ್ತನ್ನು ದಾಟಿದ ಬಾಯಮ್ಮನವರು, ಕಪ್ಪು ದ್ರಾಕ್ಷಿ, ಸಕ್ಕರೆ, ಗೋಧಿ, ಒಂದು ಚೂರು ದಾಲ್ಚಿನ್ನಿಯನ್ನು ಭರಣಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಇಪ್ಪತ್ತೊಂದು ದಿನ ಕದಡಿ ಸೋಸುವ ತಮ್ಮ ಕ್ರಿಸ್ಮಸಿನ ವೈನಿಗೆ ಸಮಾನವಾದುದು ಲೋಕದಲ್ಲಿಲ್ಲವೆಂದು ಸಾಧಿಸುತ್ತಿದ್ದರು. ಎರಡು ಭರಣಿಯ ವೈನು ನಾನೂರು ಜನಕ್ಕೆ ಸಾಲದೆಂಬುದು ಸ್ಪಷ್ಟವೇ ಆಗಿತ್ತು. ಷಾಂಪೇನಿನ ಸಂಗತಿ ಬೇರೆ. ಫ್ರಾನ್ಸ್ ದೇಶದಲ್ಲಿ ಆ ಹೆಸರಿನ ಸೀಮೆಯಲ್ಲಿ ಬೆಳೆದ ದ್ರಾಕ್ಷಿಯಿಂದ, ಸೀಸೆಯೊಳಗೆ ಎರಡನೆಯ ಸಲ ಹುಳಿಯಿಸಿ ನೊರೆಗಟ್ಟಿಸಿದ್ದಕ್ಕೆ ಮಾತ್ರವೇ ಅಲ್ಲಿಯ ಕಾಯಿದೆಯು ಆ ನಾಮಧೇಯವನ್ನು ಕೊಡುತ್ತದೆ. ಪರದೇಶದ ವೈನಿನ ಮೇಲೆ ನಮ್ಮ ಸರಕಾರವು ಬಹುಕಾಲ ಶೇಕಡಾ 150ರ ಸುಂಕವನ್ನು ವಿಧಿಸಿತ್ತು. ಆಸ್ಟ್ರೇಲಿಯದೊಡನೆ 2022ರಲ್ಲಿ ಆದ ಒಪ್ಪಂದದಿಂದ ಆ ದೇಶದ ವೈನಿಗೆ ಸ್ವಲ್ಪ ಇಳಿತಾಯವಾಯಿತು. ಅದರ ಮೇಲೆ ರಾಜ್ಯದ ಅಬಕಾರಿ ತೆರಿಗೆ. ಅಂತೂ ಒಂದು ಸೀಸೆ ಷಾಂಪೇನಿನ ಕ್ರಯಕ್ಕೆ ನಂದಿಬೆಟ್ಟದ ತಪ್ಪಲಿನ ವೈನು ಆರೇಳು ಸೀಸೆ ಬರುತ್ತದೆ. ಮಾಸ್ತರರು ಬ್ಯಾಂಕಿನಲ್ಲಿಟ್ಟಿದ್ದ ಠೇವಣಿಯೊಂದನ್ನು ಅವಧಿಗೆ ಮುಂಚೆ ಮುರಿಯುವ ಯೋಚನೆಯಲ್ಲಿದ್ದರೆಂದು ನನಗೆ ಆಮೇಲೆ ತಿಳಿಯಿತು.

ಅವರ ಧರ್ಮಗ್ರಂಥದಲ್ಲಿ ಕಾನಾ ಎಂಬ ಊರಿನ ಮದುವೆಯಲ್ಲಿ ವೈನು ಮುಗಿದುಹೋದ ಕಥೆಯೊಂದುಂಟು. ಯೇಸುವು ಆರು ಕಲ್ಲು ಬಾನಿಗಳ ನೀರನ್ನು ವೈನನ್ನಾಗಿಸಿದನಂತೆ. ಅಂಗಡಿಗೆ ಹೊರಟ ದಾರಿಯಲ್ಲಿ ನಮ್ಮ ಗಣಿತಜ್ಞರು ಅದನ್ನೂ ಲೆಕ್ಕ ಹಾಕಿದರು: ಪುರಾತನ ಅಳತೆಯಂತೆ ಆರು ಬಾನಿಗೆ ಸುಮಾರು 450ರಿಂದ 700 ಲೀಟರು, ಅಂದರೆ ಏನಿಲ್ಲವೆಂದರೂ 600 ಸೀಸೆ. "ನಮಗೆ ಅಷ್ಟು ಬೇಡ" ಎಂದರು ಮಾಸ್ತರರು, ಗಂಭೀರವಾಗಿ.

ಅಂಗಡಿಯ ಕಪಾಟನ್ನು ಕಂಡಾಗ ನನಗೆ ಅಮರಕೋಶದ ಪರ್ಯಾಯಪದಗಳ ರಾಶಿಯ ಮುಂದೆ ನಿಂತ ಬಾಲಕನ ಅವಸ್ಥೆಯಾಯಿತು. ಆದರೂ ಚೀಟಿಗಳನ್ನು ಓದುತ್ತ ಹೋದಂತೆ ವ್ಯಾಕರಣವು ತಿಳಿಯತೊಡಗಿತು. ಮೊದಲನೆಯದಾಗಿ 'ಡ್ರೈ' ಎಂಬ ಮಾತು. ದ್ರವವು ಒಣಗಿರುವುದೆಂತು? ಸಿಹಿಯು ಉಳಿಯದಂತೆ ಸಕ್ಕರೆಯೆಲ್ಲವೂ ಹುಳಿದುಹೋಗಿದೆ ಎಂಬುದೇ ಅದರ ಅರ್ಥ. ನಮ್ಮ ವೈದ್ಯರ 'ರೂಕ್ಷ' ಶಬ್ದವು ಇಲ್ಲಿಗೆ ಹತ್ತಿರವಾದುದು. ನೊರೆಯ ವೈನುಗಳಲ್ಲಿ ಇನ್ನೊಂದು ವಿನೋದ: 'ಎಕ್ಸ್‌ಟ್ರಾ ಡ್ರೈ' ಎಂದು ಬರೆದದ್ದು 'ಬ್ರೂಟ್' ಎಂಬುದಕ್ಕಿಂತ ಸಿಹಿ; 'ಡೆಮಿ ಸೆಕ್', ಅಂದರೆ ಅರ್ಧ ರೂಕ್ಷವೆಂಬುದು, ನಿಜವಾಗಿಯೂ ಸಿಹಿಯೇ. ಹೆಸರನ್ನು ನಂಬಿ ಕೊಂಡವನು ಕೆಟ್ಟನು. ಎರಡನೆಯದು ವರ್ಷ. ಅದು ದ್ರಾಕ್ಷಿಯನ್ನು ಕೊಯ್ದ ವರ್ಷ. ಹಳೆಯದಾದಷ್ಟೂ ಉತ್ತಮವೆಂಬ ನಂಬಿಕೆಯು ಕೆಲವು ಗಟ್ಟಿ ಕೆಂಪು ವೈನುಗಳಿಗೆ ಸಲ್ಲುವುದೇ ಹೊರತು ಎಲ್ಲಕ್ಕೂ ಅಲ್ಲ. ಸಾಧಾರಣ ಕ್ರಯದ ಬಿಳಿಯ ವೈನನ್ನು ಕೊಯ್ಲಿನಿಂದ ಎರಡು ವರ್ಷದೊಳಗೆ ಕುಡಿದು ಮುಗಿಸುವುದೇ ಲೇಸು. ಮೂರನೆಯದು ಊರು. ಕೌಟಿಲ್ಯನು ಸುರಾಧ್ಯಕ್ಷನ ಪ್ರಕರಣದಲ್ಲಿ ದ್ರಾಕ್ಷಿಯ ಮದ್ಯಕ್ಕೆ 'ಮಧು' ಎಂದು ಹೆಸರಿಟ್ಟು, ಅದು ಬೆಳೆದ ದೇಶದಿಂದಲೇ ಕಾಪಿಶಾಯನ, ಹಾರಹೂರಕ ಎಂದು ಅದನ್ನು ಗುರುತಿಸುತ್ತಾನೆ. ಕಾಪಿಶಿಯು ಈಗಿನ ಆಫ್ಘಾನಿಸ್ತಾನದಲ್ಲಿದ್ದ ನಗರ. ಅದರ ಹೆಸರಿಗಾಗಿ ಪಾಣಿನಿಯು ಒಂದು ಸೂತ್ರವನ್ನೇ ವೆಚ್ಚ ಮಾಡಿದ್ದಾನೆ. ಈ ಮಾತನ್ನು ಅಂಗಡಿಯವನಿಗೆ ಹೇಳಿದೆ. ಅವನು ವಿನಯದಿಂದ "ಆ ಸರಕು ನಮ್ಮಲ್ಲಿಲ್ಲ ಸಾರ್" ಎಂದನು.

ಕಾಪಿಶಿಯು ಹೋದರೂ ನಮ್ಮ ನಾಡಿನಲ್ಲಿಯೇ ಹೇಳಿಕೊಳ್ಳತಕ್ಕ ಊರುಗಳಿವೆ. ದೊಡ್ಡಬಳ್ಳಾಪುರದ ಬಳಿ ಗ್ರೋವರ್ ದ್ರಾಕ್ಷಿತೋಟವು 1988ರಲ್ಲಿ ಸ್ಥಾಪಿತವಾಯಿತು. ಕರ್ನಾಟಕ ಸರಕಾರವು 2007ರಲ್ಲಿ ವೈನಿಗಾಗಿಯೇ ಪ್ರತ್ಯೇಕ ನೀತಿಯೊಂದನ್ನು ಹೊರಡಿಸಿತು. ನಂದಿಯ ತಪ್ಪಲಲ್ಲದೆ ವಿಜಯಪುರ ಬಾಗಲಕೋಟೆಗಳ ಕಡೆಯ ಕೃಷ್ಣಾತೀರದಲ್ಲಿಯೂ ಈ ಬೆಳೆಯುಂಟು. ನಾವು ತಿನ್ನುವ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆಯಿತು. ಅದರಿಂದ ಸಿಹಿಯಾದ ಅಗ್ಗದ ಕೆಂಪು ವೈನೂ ಹಣ್ಣಿನ ರಸವೂ ಆಗುತ್ತವೆ. ಕ್ಯಾಬರ್ನೆ, ಷಿರಾಜ್, ಷೆನಿನ್ ಬ್ಲಾಂಕ್ ಮೊದಲಾದುವು ವೈನಿಗೆಂದೇ ಬೆಳೆಸುವ ವಿದೇಶೀ ಕುಲಗಳು.

ನಾವು ಒಮ್ಮೆಗೇ ಕೊಳ್ಳಲಿಲ್ಲ. ಇದು ನನ್ನ ಸಲಹೆಯೆಂದು ಹೇಳಿಕೊಳ್ಳುವುದಕ್ಕೆ ನನಗೆ ಸ್ವಲ್ಪ ಹೆಮ್ಮೆಯೇ ಉಂಟು: ಅಕ್ಕಿಯನ್ನು ಕೊಳ್ಳುವಾಗ ಒಂದು ಸೇರನ್ನು ಬೇಯಿಸಿ ನೋಡದೆ ಮೂಟೆಯನ್ನು ಕಟ್ಟಿಸುತ್ತೇವೆಯೆ? ಐದು ಬಗೆಯಲ್ಲಿ ಒಂದೊಂದು ಸೀಸೆಯನ್ನು ತಂದು, ಆದಿತ್ಯವಾರ ಮದುವೆಯ ಅಡುಗೆಯನ್ನೇ ಸ್ವಲ್ಪ ಮಾಡಿಸಿ, ಮನೆಯವರು ರುಚಿ ನೋಡಿದರು. ಹಂದಿಮಾಂಸದ ಬಫಾತು, ಸನ್ನ, ಕೋಳಿಯ ಸುಕ್ಕ. ನಾನು ಸನ್ನದಲ್ಲಿಯೂ ಕಡಲೆ ತೊಂಡೆಕಾಯಿಯ ಪಲ್ಯದಲ್ಲಿಯೂ ತೃಪ್ತನಾಗಿ, ಬರಹಗಾರನ ಕೆಲಸವನ್ನು ವಹಿಸಿಕೊಂಡೆ. ಫಲಿತಾಂಶವು ಯಾರೂ ಎಣಿಸಿದಂತಿರಲಿಲ್ಲ. ಮಗನು ಹೊಗಳಿದ ಗಟ್ಟಿ ಕೆಂಪು ವೈನು, ಬ್ಯಾಡಗಿ ಮೆಣಸು ಬಿದ್ದ ಬಫಾತಿನೊಡನೆ ಬಾಯಿಗೆ ಬೆಂಕಿಯನ್ನೇ ಇಟ್ಟಿತು. ಅದರ ಒಗರೂ ಮದ್ಯಾಂಶವೂ ಖಾರವನ್ನು ಹೆಚ್ಚಿಸುತ್ತವೆ. ತಣ್ಣಗೆ ಮಾಡಿದ, ತುಸು ಸಿಹಿಯುಳಿದ ಷೆನಿನ್ ಬ್ಲಾಂಕು ಅದೇ ಖಾರವನ್ನು ಸಮಾಧಾನಪಡಿಸಿತು. ಬ್ರೂಟ್ ಎಂಬ ನೊರೆಯ ವೈನು ಹಾಗೆಯೇ ಕುಡಿದಾಗ ಸೊಗಸಾಗಿದ್ದುದು, ಕೇಕಿನ ತುಣುಕನ್ನು ತಿಂದ ಮೇಲೆ ಹುಣಿಸೆಯ ನೀರಿನಂತಾಯಿತು. ಟೋಸ್ಟು ಬರುವುದು ಕೇಕಿನ ಮೇಲೆಯೇ ಎಂಬುದನ್ನು ಅಲ್ಲಿಯವರೆಗೆ ಯಾರೂ ಯೋಚಿಸಿರಲಿಲ್ಲ. ಐದರಲ್ಲಿ ಒಂದು ಸೀಸೆಯಂತೂ ಪೂರ್ತಿ ಹಳಸಿತ್ತು. ಆ ಅಂಗಡಿಯಲ್ಲಿ ಅದು ಮಧ್ಯಾಹ್ನದ ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ನೆಟ್ಟಗೆ ನಿಂತಿದ್ದುದನ್ನು ನಾನೇ ಕಂಡಿದ್ದೆ, ಕಂಡೂ ಸುಮ್ಮನಿದ್ದೆ. ಬಿಸಿಲೂ ಸೆಕೆಯೂ ವೈನಿಗೆ ಶತ್ರುಗಳು. ಮಿಕ್ಕ ಖರೀದಿಯನ್ನು ಬೇರೆಡೆಯಲ್ಲಿ ಮಾಡಿದೆವು.

ಇಷ್ಟಾದರೂ ಮಗನು ಷಾಂಪೇನಿನ ಆಶೆಯನ್ನು ಬಿಟ್ಟಿರಲಿಲ್ಲ. ಸಿಹಿಯಾದುದನ್ನು ತರಿಸಿದರಾಯಿತೆಂದನು. ಹೀಗಿರಲು ಒಂದು ಸಾಯಂಕಾಲ ವರನ ತಾಯಿ ಮನೆಗೆ ಬಂದರು. ಒಡವೆ ಸೀರೆಗಳ ಮಾತೆಲ್ಲ ಮುಗಿದ ಮೇಲೆ, ಹೊರಡುವಾಗ ಅಂಗಳದಲ್ಲಿ ನಿಂತು, ಬಾಯಮ್ಮನವರ ಕೈಯನ್ನು ಹಿಡಿದು, "ನನ್ನ ದೊಡ್ಡವನು ಕುಡಿತ ಬಿಟ್ಟು ಹದಿನಾಲ್ಕು ತಿಂಗಳಾಯಿತು. ಆಸ್ಪತ್ರೆಯಿಂದ ಬದುಕಿ ಬಂದವನು. ಟೋಸ್ಟಿನ ಹೊತ್ತಿಗೆ ಅವನ ಕೈಯಲ್ಲಿ..." ಎಂದು ಆರಂಭಿಸಿ ಮಾತನ್ನು ಮುಗಿಸಲಾರದೆ ಹೋದರು. ಬೇಲಿಯ ಈಚೆಯಲ್ಲಿ ಹೂ ಕೊಯ್ಯುತ್ತಿದ್ದ ನನಗೂ ಅದು ಕೇಳಿಸಿತು.

ವಾಚಕರೇ, ಮದುವೆಯ ಸಭೆಯಲ್ಲಿ ಬರಿಗೈಯಲ್ಲಿ ನಿಂತವನ ಪಾಡನ್ನು ಯೋಚಿಸಿರಿ. ನಾಲ್ಕು ಜನ ನೋಡುತ್ತಾರೆ; ಒಬ್ಬ ಚಿಕ್ಕಪ್ಪನು "ಇವತ್ತೊಂದು ದಿನ ಏನಾಗುತ್ತದೆ ಮಾರಾಯ?" ಎನ್ನುತ್ತಾನೆ. ಆ ಒಂದು ದಿನದಲ್ಲಿ ಹದಿನಾಲ್ಕು ತಿಂಗಳು ಕೊಚ್ಚಿಹೋಗಬಹುದು. ಮದ್ಯಾಂಶವನ್ನು ತೆಗೆದ ವೈನುಗಳು ಪೇಟೆಯಲ್ಲಿ ದೊರೆಯುತ್ತವೆ. ಆದರೆ ಅವುಗಳಲ್ಲಿ ಅತ್ಯಲ್ಪ ಅಂಶವು ಉಳಿದಿರುವುದುಂಟು, ವಾಸನೆಯಂತೂ ಹಳೆಯದನ್ನೇ ನೆನಪಿಗೆ ತರುವುದು. ಆದ್ದರಿಂದ ಅದು ಬೇಡವಾಯಿತು. ಟೋಸ್ಟನ್ನೇ ಶರಬತ್ತಿನಲ್ಲಿ ಮಾಡೋಣವೆಂದು ಮಾಸ್ತರರೆಂದರೆ ಬಾಯಮ್ಮನವರು ಒಪ್ಪಲಿಲ್ಲ. ಕೊನೆಗೆ ದಾರಿಯನ್ನು ತೋರಿಸಿದವರೂ ಅವರೇ. "ಕೆಂಪು ವೈನು ತನ್ನಿ, ಕಪ್ಪು ದ್ರಾಕ್ಷಿಯ ರಸವೂ ಕೆಂಪೇ. ಒಂದೇ ತರದ ಗ್ಲಾಸು. ಯಾರ ಕೈಯಲ್ಲಿ ಯಾವುದೆಂದು ದೇವರಿಗೆ ಗೊತ್ತಿದ್ದರೆ ಸಾಕು" ಎಂದರು.

ಷಾಂಪೇನಿನ ಪ್ರಶ್ನೆಯು ಅಲ್ಲಿಗೆ ತೀರಿತು. ಹೊಂಬಣ್ಣದ ನೊರೆಯ ವೈನಿನ ಪಕ್ಕದಲ್ಲಿ ದ್ರಾಕ್ಷಿರಸವನ್ನಿಟ್ಟರೆ ಕುರುಡನಿಗೂ ಭೇದವು ತಿಳಿಯುವುದಷ್ಟೆ. ಮಗನು ಸ್ವಲ್ಪ ಹೊತ್ತು ಮೌನವಾಗಿದ್ದು, "ಸರಿ, ಅಜ್ಜಿ" ಎಂದನು. ಠೇವಣಿಯು ಉಳಿಯಿತು. ಟೋಸ್ಟಿಗೆ ಸಿಹಿಯಾದ ಕೆಂಪು ವೈನೂ ಊಟಕ್ಕೆ ಷೆನಿನ್ ಬ್ಲಾಂಕೂ ನಿಶ್ಚಿತವಾದುವು.

ಬಳಿಕ ಲೆಕ್ಕ. ಸೀಸೆಯೊಂದರಲ್ಲಿ 750 ಮಿಲಿಲೀಟರು. ಟೋಸ್ಟಿನ ಸಣ್ಣ ಗ್ಲಾಸಿಗೆ 60 ಸಾಕು. ಅಂದರೆ ಸೀಸೆಗೆ ಹನ್ನೆರಡೂವರೆ ಗ್ಲಾಸು. ಬರತಕ್ಕವರು 420, ಅವರಲ್ಲಿ ಮಕ್ಕಳು, ಬೇಡವೆನ್ನುವವರು ಒಟ್ಟು 120, ಉಳಿದ 300 ಜನಕ್ಕೆ 24 ಸೀಸೆ. ಊಟದಲ್ಲಿ ವೈನನ್ನು ಕುಡಿಯುವವರು 100 ಜನವೆಂದು ಎಣಿಸಿ, ತಲೆಗೆ 125 ಮಿಲಿಲೀಟರಿನ ಎರಡು ಗ್ಲಾಸಿನಂತೆ 25 ಲೀಟರು. ಹನ್ನೆರಡು ಸೀಸೆಯ ಪೆಟ್ಟಿಗೆ ಮೂರು. ಒಡೆಯುವುದಕ್ಕೂ ಹಳಸುವುದಕ್ಕೂ ಆರು ಸೀಸೆ ಹೆಚ್ಚು. ಒಟ್ಟು 66. ರಸವು ಲೆಕ್ಕದಲ್ಲಿ 7 ಲೀಟರಿಗೆ ಚಿಲ್ಲರೆಯಾದರೂ ಮಕ್ಕಳು ಎರಡನೆಯ ಸಲ ಕೇಳುವರೆಂದು 12 ಲೀಟರನ್ನು ತರಿಸಿದರು. ಇದು ಶಾಲೆಯ ಅನುಭವ. ಸಭಾಂಗಣದಲ್ಲಿ ಮದ್ಯವನ್ನು ಹಂಚುವುದಕ್ಕೆ ಅಬಕಾರಿ ಇಲಾಖೆಯ ಸಾಂದರ್ಭಿಕ ಪರವಾನಗಿಯು ಬೇಕು; ಇದನ್ನು ಕೊನೆಯ ದಿನಕ್ಕೆ ಬಿಟ್ಟವರು ಪೇಚಾಡುತ್ತಾರೆ. ಬಿಳಿಯ ವೈನನ್ನು ತಣಿಸುವುದಕ್ಕೆ ಬರಿಯ ಮಂಜುಗಡ್ಡೆಗಿಂತ ಮಂಜುಗಡ್ಡೆ, ನೀರು, ಒಂದು ಹಿಡಿ ಉಪ್ಪು ಬೆರೆಸಿದ ತೊಟ್ಟಿಯು ಬಹು ಶೀಘ್ರದಲ್ಲಿ ಕೆಲಸ ಮಾಡುತ್ತದೆ. ರಾತ್ರಿ ಮನೆಗೆ ಮರಳುವ ಅತಿಥಿಗಳಿಗಾಗಿ, ಕುಡಿಯದ ಚಾಲಕರಿರುವ ಎರಡು ವ್ಯಾನುಗಳನ್ನೂ ಮಾಸ್ತರರು ಗೊತ್ತುಮಾಡಿದ್ದರು.

ಮದುವೆಯ ದಿನ ಎರಡು ಬಗೆಯ ತಟ್ಟೆಗಳು ಹೊರಟುವು. ರಸದ ತಟ್ಟೆಯ ಅಂಚಿಗೆ ಮಲ್ಲಿಗೆಯ ಒಂದು ಮೊಗ್ಗನ್ನಿಟ್ಟಿದ್ದರು. ಅದರ ಅರ್ಥವು ಹಂಚುವ ಹುಡುಗರಿಗೆ ಮಾತ್ರ ಗೊತ್ತು. ಟೋಸ್ಟನ್ನು ಹೇಳತಕ್ಕವರು ವಧುವಿನ ಸೋದರಮಾವ, ಪಾನಪ್ರಿಯರೆಂದು ಊರಿಗೆಲ್ಲ ಪ್ರಸಿದ್ಧರು. ಅವರು ಮೊಗ್ಗಿನ ತಟ್ಟೆಯನ್ನೇ ಕರೆದು ಒಂದು ಗ್ಲಾಸನ್ನು ತಾವು ತೆಗೆದುಕೊಂಡು, ಇನ್ನೊಂದನ್ನು ವರನ ಅಣ್ಣನ ಕೈಗೆ ಕೊಟ್ಟು, ಅವನ ಪಕ್ಕದಲ್ಲಿಯೇ ನಿಂತು ಭಾಷಣವನ್ನು ಆರಂಭಿಸಿದರು. ನನಗೂ ಆ ತಟ್ಟೆಯೇ ಬಂತು. ಗ್ಲಾಸುಗಳು ಮೇಲೆದ್ದಾಗ ನಾನು ವರನ ತಾಯಿಯ ಕಡೆಗೆ ನೋಡಿದೆ. ಆಕೆ ಮಗನ ಗ್ಲಾಸನ್ನು ನೋಡುತ್ತಿರಲಿಲ್ಲ. ಮದುಮಗಳನ್ನು ನೋಡಿ ನಗುತ್ತಿದ್ದರು.

ಮರುದಿನ ಮಾಸ್ತರರು ಲೆಕ್ಕದ ಪುಸ್ತಕದೊಡನೆ ಬೇಲಿಯ ಬಳಿಗೆ ಬಂದರು. ಒಡೆಯದ ಸೀಸೆ ಐದು ಉಳಿದಿದ್ದುವು. ಅರ್ಧಂಬರ್ಧ ಉಳಿದ ಕೆಂಪು ವೈನನ್ನೆಲ್ಲ ಬಾಯಮ್ಮನವರು ತಮ್ಮ ಬರಿದಾದ ಭರಣಿಗೆ ಸುರಿದು ಬಟ್ಟೆ ಕಟ್ಟಿಬಿಟ್ಟಿದ್ದರು. ಗಾಳಿಯಾಡಿದರೆ ಅದು ಹುಳಿದು ವಿನೆಗರಾಗುತ್ತದೆ. "ಬರುವ ಕ್ರಿಸ್ಮಸಿನ ಬಫಾತಿಗೆ ವಿನೆಗರಿನ ಖರ್ಚಿಲ್ಲ ಪಂಡಿತರೇ, ಇದನ್ನು ಜಮೆಯ ಕಡೆಗೆ ಬರೆಯಲೋ?" ಎಂದು ಕೇಳಿದರು. ಬರೆಯಿರಿ ಎಂದೆ.