ಲೆಕ್ಕಪತ್ರ ಕ್ಲೌಡಿನಲ್ಲಿ, ಕೀಲಿಕೈ ಯಾರ ಬಳಿ?

ವ್ಯಾಪಾರಿಯ ಕಿರ್ದಿ, ಖಾತೆ ಪುಸ್ತಕಗಳು ಒಂದು ಕಾಲಕ್ಕೆ ಅಂಗಡಿಯ ಕಬ್ಬಿಣದ ಪೆಟ್ಟಿಗೆಯಲ್ಲಿ ಭದ್ರವಾಗಿದ್ದವು. ಕಾಲಕ್ರಮೇಣ ಅವು ಕಂಪ್ಯೂಟರಿಗೆ ಬಂದವು. ಈಗ ಅನೇಕ ಸಂಸ್ಥೆಗಳಲ್ಲಿ ಅವು ‘ಕ್ಲೌಡ್’ ಎಂಬ ಕಣ್ಣಿಗೆ ಕಾಣದ ಉಗ್ರಾಣವನ್ನು ಸೇರಿವೆ. ಹೆಸರು ಮೋಡವೆಂದಾದರೂ ಮಾಹಿತಿ ಇರುವುದು ಆಕಾಶದಲ್ಲಲ್ಲ. ಮುಂಬಯಿಯಲ್ಲೋ, ಹೈದರಾಬಾದಿನಲ್ಲೋ, ಸಿಂಗಪುರದಲ್ಲೋ ಇರುವ ಪರರ ಕಟ್ಟಡದಲ್ಲಿ, ಪರರ ಯಂತ್ರದಲ್ಲಿ. ಆದುದರಿಂದ ಕ್ಲೌಡನ್ನು ಬಾಡಿಗೆ ಗೋದಾಮಿಗೆ ಹೋಲಿಸುವುದು ಯುಕ್ತ. ಗೋದಾಮಿನಲ್ಲಿ ಮಾಲು ಇರಿಸುವಾಗ ರಸೀದಿ, ವಿಮೆ, ಬೀಗದ ಕೈ ಎಲ್ಲವನ್ನೂ ವಿಚಾರಿಸುವ ವರ್ತಕರೇ ಲೆಕ್ಕಪತ್ರ ಇರಿಸುವಾಗ ಷರತ್ತುಗಳನ್ನು ಓದದೆ ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನು ಒತ್ತಿಬಿಡುತ್ತಾರೆ.

ಅನುಕೂಲ ಅಲ್ಲಗಳೆಯಲಾಗದು

ಕ್ಲೌಡ್ ಸೇವೆಯಿಂದ ಸರ್ವರ್ ಖರೀದಿಯ ಬಂಡವಾಳ ಉಳಿಯುತ್ತದೆ. ಮಾಲೀಕರು ಪರಊರಿನಲ್ಲಿದ್ದರೂ ದಾಸ್ತಾನು ಮತ್ತು ಬಾಕಿ ಪಟ್ಟಿಯನ್ನು ಮೊಬೈಲಿನಲ್ಲೇ ನೋಡಬಹುದು. 5 ಕೋಟಿ ರೂಪಾಯಿಗೂ ಮೀರಿದ ವಹಿವಾಟಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾದ ಬಳಿಕ ಅಂತರಜಾಲದ ಹೊರಗೆ ಲೆಕ್ಕ ಇಡುವುದು ಇನ್ನಷ್ಟು ಕಷ್ಟವಾಗಿದೆ.

ಸ್ವಂತ ಕಂಪ್ಯೂಟರೇ ಹೆಚ್ಚು ಸುರಕ್ಷಿತ ಎಂಬ ಭಾವನೆಯೂ ಸರಿಯಲ್ಲ. ಅಂಗಡಿಯ ಹಿಂದಿನ ಕೋಣೆಯ ಒಂದೇ ಹಾರ್ಡ್ ಡಿಸ್ಕ್‌ನಲ್ಲಿರುವ ಲೆಕ್ಕವನ್ನು ಮಳೆನೀರು, ವಿದ್ಯುತ್ ಏರಿಳಿತ ಅಥವಾ ವೈರಸ್ ಒಂದೇ ದಿನದಲ್ಲಿ ಅಳಿಸಿಹಾಕಬಲ್ಲದು. ಹಾಗಾಗಿ ಕ್ಲೌಡ್ ಬೇಕೇ ಬೇಡವೇ ಎಂಬುದಕ್ಕಿಂತ, ಎಷ್ಟನ್ನು ಅಲ್ಲಿ ಇರಿಸಬೇಕು, ಯಾವ ಹಿಡಿತವನ್ನು ತಮ್ಮಲ್ಲೇ ಉಳಿಸಿಕೊಳ್ಳಬೇಕು ಎಂಬುದು ವಿಚಾರಾರ್ಹ ಪ್ರಶ್ನೆ.

ನಾಲ್ಕು ಘಟನೆಗಳು, ನಾಲ್ಕು ಪಾಠಗಳು

ಮೊದಲನೆಯದು ಬೆಂಕಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ಒಂದು ದತ್ತಾಂಶ ಕೇಂದ್ರ ಸಂಪೂರ್ಣ ಭಸ್ಮವಾಯಿತು. ಬೇರೆಡೆ ಪ್ರತಿ ಇರಿಸದಿದ್ದ ಗ್ರಾಹಕರ ಮಾಹಿತಿ ಮರಳಲಿಲ್ಲ. ಬ್ಯಾಕಪ್ ಪ್ರತಿಯನ್ನೂ ಅದೇ ಸ್ಥಳದಲ್ಲಿ ಇರಿಸಿದ್ದ ಕಾರಣ ಗ್ರಾಹಕ ಸಂಸ್ಥೆಯೊಂದಕ್ಕೆ ಪರಿಹಾರ ನೀಡುವಂತೆ 2023ರಲ್ಲಿ ಅಲ್ಲಿನ ವಾಣಿಜ್ಯ ನ್ಯಾಯಾಲಯ ಆದೇಶಿಸಿತು. ಪರಿಹಾರದ ಹಣದಿಂದ ಸುಟ್ಟ ಲೆಕ್ಕ ಮರಳಿ ಬಾರದು.

ಎರಡನೆಯದು ಕಳ್ಳತನ. 2023ರ ಆಗಸ್ಟ್‌ನಲ್ಲಿ ಡೆನ್ಮಾರ್ಕಿನ ಕ್ಲೌಡ್‌ನಾರ್ಡಿಕ್ ಸಂಸ್ಥೆಯ ಸರ್ವರ್‌ಗಳನ್ನು ಸುಲಿಗೆಕೋರರು ಗೂಢಲಿಪಿಯಿಂದ ಬೀಗ ಹಾಕಿ ಹಣ ಕೇಳಿದರು. ಬ್ಯಾಕಪ್ ವ್ಯವಸ್ಥೆಯೂ ಅದಕ್ಕೆ ತುತ್ತಾದುದರಿಂದ ಬಹುತೇಕ ಗ್ರಾಹಕರು ತಮ್ಮ ಮಾಹಿತಿಯನ್ನು ಕಳೆದುಕೊಂಡರು.

ಮೂರನೆಯದು ಕೈತಪ್ಪು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯದ ಯೂನಿಸೂಪರ್ ಪಿಂಚಣಿ ನಿಧಿಯ ಗೂಗಲ್ ಕ್ಲೌಡ್ ಖಾತೆ ಸೇವಾದಾರರ ಕಡೆಯ ಸಂಯೋಜನಾ ದೋಷದಿಂದ ಅಳಿಸಿಹೋಯಿತು. ಎರಡು ಪ್ರದೇಶಗಳಲ್ಲಿ ಪ್ರತಿಗಳಿದ್ದರೂ ಖಾತೆಯೊಂದಿಗೆ ಅವೂ ಹೋದವು. ಬೇರೊಂದು ಸೇವಾದಾರರಲ್ಲಿ ಇರಿಸಿದ್ದ ಪ್ರತಿ ಆ ನಿಧಿಯ ನೆರವಿಗೆ ಬಂದಿತು.

ನಾಲ್ಕನೆಯದು ನಮ್ಮ ದೇಶದ್ದು. ಗುಜರಾತಿನ ವಾಡಿನಾರ್‌ನಲ್ಲಿ ತೈಲ ಶುದ್ಧೀಕರಣಾಗಾರ ನಡೆಸುವ ನಯಾರಾ ಎನರ್ಜಿಯ ಮೇಲೆ 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟ ನಿರ್ಬಂಧ ಹೇರಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಸೇವೆಗಳು ಸ್ಥಗಿತಗೊಂಡು ಅದರ ಇ-ಮೇಲ್ ವ್ಯವಹಾರ ನಿಂತಿತು. ಸಂಸ್ಥೆ ದೆಹಲಿ ಹೈಕೋರ್ಟಿನ ಮೊರೆಹೋದ ಬಳಿಕ ಸೇವೆ ಪುನರಾರಂಭವಾಯಿತು. ಶುಲ್ಕ ಪಾವತಿಸುವ ದೊಡ್ಡ ಗ್ರಾಹಕನಿಗೂ ದೂರದ ನಿರ್ಧಾರವೊಂದು ಬಾಗಿಲು ಮುಚ್ಚಬಲ್ಲದು. ಹೈಕೋರ್ಟಿಗೆ ಹೋಗುವ ಶಕ್ತಿ ಸಣ್ಣ ಕೈಗಾರಿಕೋದ್ಯಮಿಗೆ ಎಲ್ಲಿಯದು?

ಗೋಪ್ಯತೆ ಮತ್ತು ಕಾನೂನಿನ ಹೊಣೆ

ಯಾವ ಗ್ರಾಹಕರಿಗೆ ಯಾವ ದರ, ಎಷ್ಟು ದಿನದ ಉದ್ದರಿ, ಯಾರಿಂದ ಖರೀದಿ ಎಂಬ ವಿವರಗಳೇ ವ್ಯಾಪಾರದ ಜೀವಾಳ. ಅವು ಪ್ರತಿಸ್ಪರ್ಧಿಯ ಕೈ ಸೇರಿದರೆ ಆಗುವ ನಷ್ಟ ತಮ್ಮದೇ. ಆದರೆ ಗ್ರಾಹಕರ ಮೊಬೈಲ್ ಸಂಖ್ಯೆ, ಕಾರ್ಮಿಕರ ಆಧಾರ್ ಪ್ರತಿ, ಬ್ಯಾಂಕ್ ಖಾತೆಯ ವಿವರಗಳು ಪರರು ನಂಬಿ ಒಪ್ಪಿಸಿದವು.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ಪ್ರಕಾರ, ಸಂಗ್ರಹಿಸಿದ ಮಾಹಿತಿಯನ್ನು ಬೇರೆ ಸಂಸ್ಥೆಯ ಮೂಲಕ ನಿರ್ವಹಿಸಿದರೂ ಹೊಣೆ ಸಂಗ್ರಹಿಸಿದವರದೇ. ಸೂಕ್ತ ಭದ್ರತಾ ಕ್ರಮ ಕೈಗೊಳ್ಳದಿದ್ದಲ್ಲಿ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ದಂಡದ ಮೊತ್ತವನ್ನು ತಪ್ಪಿನ ಸ್ವರೂಪ, ಗಾಂಭೀರ್ಯಗಳನ್ನು ನೋಡಿ ನಿರ್ಧರಿಸಲಾಗುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಅಂದಿನಿಂದ 18 ತಿಂಗಳ ಅವಧಿ ನೀಡಲಾಗಿದೆ.

ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿ ಸಲ್ಲಿಸಲು ನಿಗದಿಯಾದ ದಿನದಿಂದ 72 ತಿಂಗಳವರೆಗೆ ಕಾಪಾಡಬೇಕು. ಮೂರನೆಯ ವರ್ಷದಲ್ಲಿ ಚಂದಾ ನಿಲ್ಲಿಸಿದರೆ ಹಳೆಯ ಲೆಕ್ಕ ತೆರೆಯುವುದೇ ಎಂಬುದನ್ನು ಚಂದಾದಾರರಾಗುವ ಮೊದಲೇ ಕೇಳಬೇಕು. ನೋಂದಾಯಿತ ಕಂಪನಿಗಳಂತೂ ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನವೂ ಇರಿಸಬೇಕೆಂಬ ನಿಯಮ 2022ರಿಂದ ಜಾರಿಯಲ್ಲಿದೆ.

ವರ್ತಕರು ಕೈಗೊಳ್ಳಬೇಕಾದ ಕ್ರಮಗಳು

1. ಕ್ಲೌಡ್ ಖಾತೆ ಸಂಸ್ಥೆಯ ಹೆಸರಿನಲ್ಲಿರಲಿ. ಗುಮಾಸ್ತರ ಅಥವಾ ಕಂಪ್ಯೂಟರ್ ಅಳವಡಿಸಿದವರ ಸ್ವಂತ ಇ-ಮೇಲ್, ಮೊಬೈಲ್ ಸಂಖ್ಯೆಯಿಂದ ಖಾತೆ ತೆರೆದರೆ ಅವರು ಕೆಲಸ ಬಿಟ್ಟ ದಿನ ಕೀಲಿಕೈಯೂ ಅವರೊಂದಿಗೆ ಹೋಗುತ್ತದೆ.

2. ಗುಪ್ತಪದದ ಜೊತೆಗೆ ಎರಡನೇ ಹಂತದ ದೃಢೀಕರಣ ಇರಲಿ. ಗುಮಾಸ್ತರು, ಮಾರಾಟ ಪ್ರತಿನಿಧಿ, ಲೆಕ್ಕಪರಿಶೋಧಕರು ಇವರಿಗೆ ಅವರವರ ಕೆಲಸಕ್ಕೆ ಬೇಕಾದಷ್ಟೇ ಪ್ರವೇಶ ಕೊಡಬೇಕು.

3. ವಾರಕ್ಕೊಮ್ಮೆ ಪೂರ್ಣ ಪ್ರತಿಯನ್ನು ಹೊರಗಿನ ಡಿಸ್ಕಿಗೆ ಇಳಿಸಿ, ಅಂತರಜಾಲದಿಂದ ಬೇರ್ಪಡಿಸಿ ಬೀಗದಲ್ಲಿಡಬೇಕು. ಆ ಪ್ರತಿ ತೆರೆಯುತ್ತದೆಯೇ ಎಂದು ವರ್ಷಕ್ಕೆರಡು ಬಾರಿಯಾದರೂ ಪರೀಕ್ಷಿಸಬೇಕು.

4. ಆಧಾರ್ ಪ್ರತಿ, ಸಂಬಳ ಪಟ್ಟಿಯಂತಹ ಕಡತಗಳಿಗೆ ತಾವೇ ಗೂಢಲಿಪಿಯ ಬೀಗ ಹಾಕಿ ನಂತರ ಮೇಲಕ್ಕೆ ಕಳುಹಿಸಬೇಕು. ಅಗತ್ಯವಿಲ್ಲದ ವೈಯಕ್ತಿಕ ಮಾಹಿತಿಯನ್ನು ಸಂಗ್ರಹಿಸದಿರುವುದು ಇನ್ನೂ ಮೇಲು.

5. ಒಪ್ಪಂದಕ್ಕೆ ಮೊದಲು ಮಾಹಿತಿ ಯಾವ ದೇಶದಲ್ಲಿರುತ್ತದೆ, ಸೇವೆ ಬಿಡುವಾಗ ಯಾವ ರೂಪದಲ್ಲಿ, ಎಷ್ಟು ದಿನದೊಳಗೆ ಮರಳಿಸುತ್ತಾರೆ, ತಮ್ಮ ಪ್ರತಿಯನ್ನು ಅಳಿಸುತ್ತಾರೆಯೇ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಬೇಕು.

ಇವುಗಳಿಗೆ ತಗಲುವ ವೆಚ್ಚ ಅತ್ಯಲ್ಪ, ಬೇಕಾಗಿರುವುದು ಶಿಸ್ತು. ಯಂತ್ರವನ್ನು ಬಾಡಿಗೆಗೆ ಪಡೆಯಬಹುದು, ಅದರ ನಿರ್ವಹಣೆಯನ್ನೂ ಪರರಿಗೆ ವಹಿಸಬಹುದು; ಗ್ರಾಹಕರಿಗೂ ಸರ್ಕಾರಕ್ಕೂ ಉತ್ತರ ಕೊಡುವ ಹೊಣೆಯನ್ನು ವಹಿಸಲಾಗದು. ಮಾರ್ಚ್ ಅಂತ್ಯದಲ್ಲಿ ದಾಸ್ತಾನು ಎಣಿಸುವಂತೆಯೇ ತಮ್ಮ ಮಾಹಿತಿ ಎಲ್ಲೆಲ್ಲಿದೆ, ಯಾರ್‍ಯಾರ ಕೈಗೆ ಎಟಕುತ್ತದೆ ಎಂಬ ಪಟ್ಟಿಯನ್ನೂ ಸಿದ್ಧಪಡಿಸುವ ಪರಿಪಾಠವನ್ನು ವರ್ತಕರು ಮತ್ತು ಸಣ್ಣ ಉದ್ಯಮಿಗಳು ಬೆಳೆಸಿಕೊಳ್ಳುವುದು ಒಳಿತು.