ಒಲೆಯ ಹಿಂದಿನ ಗೋಡೆ

ಎಣ್ಣೆಯ ಬಾಣಲೆ ಕಾದಿರುವಾಗ ಒಲೆಯ ಹಿಂದಿನ ಗೋಡೆಯಿಂದ ಟೈಲೊಂದು ಕಳಚಿ ಬಿದ್ದರೆ ಏನಾದೀತೆಂಬುದನ್ನು ಯಾವ ಗೃಹಿಣಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಅಂಗಡಿಯಲ್ಲಿ ಟೈಲಿನ ಬಣ್ಣ, ಹೂಬಳ್ಳಿಗಳನ್ನು ಆರಿಸಲು ಇಡೀ ಭಾನುವಾರವನ್ನು ವ್ಯಯಿಸುವ ಸಂಸಾರ, ಅದನ್ನು ಹೊರಬೇಕಾದ ಗೋಡೆಯತ್ತ ಐದು ನಿಮಿಷವೂ ಕಣ್ಣು ಹಾಯಿಸುವುದಿಲ್ಲ. ಟೈಲು ಅಂಟಿಕೊಳ್ಳುವುದು ಇಟ್ಟಿಗೆಗಲ್ಲ, ಗಿಲಾವಿಗೆ. ಗಿಲಾವು ಇಟ್ಟಿಗೆಯನ್ನು ಬಿಟ್ಟಿದ್ದರೆ, ಎಷ್ಟೇ ಬೆಲೆಬಾಳುವ ಟೈಲಾದರೂ ಅದರೊಡನೆಯೇ ಕೆಳಗಿಳಿಯುತ್ತದೆ.

ಪರೀಕ್ಷೆಗೆ ದೊಡ್ಡ ಸಾಧನವೇನೂ ಬೇಡ. ಲಟ್ಟಣಿಗೆಯ ತುದಿಯಿಂದ ಗೋಡೆಯನ್ನು ಗೇಣಿಗೊಂದರಂತೆ ಮೆಲ್ಲನೆ ತಟ್ಟುತ್ತ ಹೋಗಬೇಕು. ಗಟ್ಟಿಯಾದೆಡೆ ‘ಟಕ್’ ಎನ್ನುತ್ತದೆ; ಬಿಟ್ಟುಕೊಂಡೆಡೆ ಖಾಲಿ ಡಬ್ಬಿಯ ಸದ್ದು ಬರುತ್ತದೆ. ಅಂಥ ಭಾಗದ ಸುತ್ತ ಸೀಮೆಸುಣ್ಣದಿಂದ ಗೆರೆಯೆಳೆದು ಮೇಸ್ತ್ರಿಗೆ ತೋರಿಸುವುದು ಒಳ್ಳೆಯದು. “ಟೈಲು ಕೂತ ಮೇಲೆ ಎಲ್ಲಾ ಮುಚ್ಚಿಹೋಗುತ್ತೆ ಬಿಡೀಮ್ಮ” ಎಂದು ಆತ ಸಮಾಧಾನ ಹೇಳಬಹುದು. ಮುಚ್ಚಿಹೋಗುವುದೇನೋ ನಿಜ, ಗುಣವಾಗುವುದಿಲ್ಲ.

ಬಿರುಕಿಗಿಂತಲೂ ಕೆಟ್ಟ ಶತ್ರು ತೇವ. ಗೋಡೆಯ ಮೇಲೆ ಬಿಳಿಯ ಉಪ್ಪಿನ ಪುಡಿ ಉದುರುತ್ತಿದ್ದರೆ, ಒಳಗೆ ನೀರು ಓಡಾಡುತ್ತಿದೆಯೆಂದೇ ತಿಳಿಯಬೇಕು. ಪಾತ್ರೆ ತೊಳೆಯುವ ತೊಟ್ಟಿಯ ಕೊಳವೆ ಸೋರುತ್ತಿರಬಹುದು. ಗೋಡೆಯ ಆಚೆಬದಿಯಲ್ಲಿ ಬಚ್ಚಲಿರಬಹುದು. ನೆಲದಿಂದಲೇ ತೇವ ಮೇಲೇರುತ್ತಿರಬಹುದು. ಸಂಶಯವಿದ್ದಲ್ಲಿ ಪ್ಲಾಸ್ಟಿಕ್ ಹಾಳೆಯೊಂದರ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ತೇವ ಗೋಡೆಯದು. ಹೊರಮೈಯಲ್ಲಿ ಮಾತ್ರ ಕಟ್ಟಿದರೆ ಅದು ಅಡುಗೆಯ ಹಬೆ. ಮೂಲವನ್ನು ಸರಿಪಡಿಸಿ, ಗೋಡೆ ಒಣಗುವವರೆಗೆ ಕಾಯದೆ ಬೇರೆ ಮಾರ್ಗವಿಲ್ಲ. ಹಬ್ಬದೊಳಗೆ ಕೆಲಸ ಮುಗಿಯಬೇಕೆಂಬ ಹಟ ಇಲ್ಲಿ ನಡೆಯದು.

ಒಡೆಯುವ ಮುನ್ನ ವಿದ್ಯುತ್ತಿನ ಮೇನ್ ಸ್ವಿಚ್ಚನ್ನು ಆರಿಸಬೇಕು, ತಂತಿಗಳು ಗಿಲಾವಿನೊಳಗೇ ಹಾದಿರುತ್ತವೆ. ಸಡಿಲವಾದುದನ್ನು ಇಟ್ಟಿಗೆಯವರೆಗೂ ಉದುರಿಸಿ, ಸಂದುಗಳ ಧೂಳನ್ನು ತೆಗೆದು, ಇಟ್ಟಿಗೆಯನ್ನು ನೆನೆಸಿ, 1 ಪಾಲು ಸಿಮೆಂಟಿಗೆ 4 ಪಾಲು ಮರಳಿನ ಗಾರೆಯನ್ನು ಸುಮಾರು 12 ಮಿಲಿಮೀಟರ್ ದಪ್ಪಕ್ಕೆ ಬಳಿಯುವುದು ವಾಡಿಕೆ. ಹಳ್ಳ ಆಳವಾಗಿದ್ದರೆ ಎರಡು ಸಲವಾಗಿ ತುಂಬಬೇಕು. ಮೇಲ್ಮೈಯನ್ನು ನುಣುಪು ಮಾಡದೆ ತರಿತರಿಯಾಗಿ ಬಿಡಬೇಕು. 7 ದಿನ ತಪ್ಪದೆ ನೀರುಣಿಸಿ, ಅನಂತರ ಒಣಗಲು ಬಿಡಬೇಕು. ಗಟ್ಟಿಯಾಗಿಯೇ ಉಳಿದ ಹಳೆಯ ಗಿಲಾವಿನ ಮೇಲಿನ ಎಣ್ಣೆಜಿಡ್ಡು, ಮಸಿ, ಬಣ್ಣಗಳನ್ನೂ ಪೂರ್ತಿ ಕೆರೆದು ತೆಗೆಯಬೇಕು; ವರ್ಷಗಟ್ಟಲೆ ಒಗ್ಗರಣೆಯ ಹೊಗೆ ಕುಡಿದ ಗೋಡೆಗೆ ಯಾವ ಅಂಟೂ ಹಿಡಿಯದು.

ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳ ಮಾತು ಬೇರೆ. ಅಲ್ಲಿಯ ಸುಣ್ಣದ ಗಾರೆ ಮೆತುವಾದುದು, ಉಸಿರಾಡುವಂಥದು. ಅದರ ಮೇಲೆ ಗಡುಸು ಸಿಮೆಂಟನ್ನು ಮೆತ್ತಿದರೆ ತೇವ ಒಳಗೇ ಸಿಕ್ಕಿಬಿದ್ದು, ಹೊಸ ಪದರ ಹಪ್ಪಳದಂತೆ ಏಳುತ್ತದೆ. ಸುಣ್ಣದ ಗಾರೆಯಿಂದಲೇ, ಇಲ್ಲವೆ 1 ಪಾಲು ಸಿಮೆಂಟು, 1 ಪಾಲು ಸುಣ್ಣ, 6 ಪಾಲು ಮರಳಿನ ಮಿಶ್ರಣದಿಂದ ದುರಸ್ತಿ ಮಾಡುವುದು ಕ್ಷೇಮ. ಸುಣ್ಣದ ಕೆಲಸ ಬಲ್ಲ ಗಾರೆಯವರು ಈಗ ವಿರಳ. ಹುಡುಕುವ ಶ್ರಮ ವ್ಯರ್ಥವಾಗದು.

ಇಷ್ಟಾದ ಮೇಲೆ ತೂಗುಗುಂಡು, ರಸಮಟ್ಟಗಳಿಂದ ಗೋಡೆಯನ್ನು ನೋಡಿ ಟೈಲನ್ನು ಕೂರಿಸಬಹುದು. ಸಾಮಾನ್ಯ ಮೆರುಗಿನ ಟೈಲು ನೀರು ಹೀರುತ್ತದೆ. ಅದನ್ನು ನೆನೆಸಿ ಸಿಮೆಂಟಿನಿಂದ ಅಂಟಿಸುವ ರೂಢಿಯಿದೆ. ವಿಟ್ರಿಫೈಡ್ ಟೈಲು ನೀರನ್ನು ಬಹುಮಟ್ಟಿಗೆ ಹೀರದಾದುದರಿಂದ ಅದಕ್ಕೆ ಪ್ರತ್ಯೇಕ ಅಂಟು ಬೇಕು. ಕಟ್ಟೆಯ ಕಲ್ಲು ಗೋಡೆಯನ್ನು ಕೂಡುವ ಸಂದಿಗೆ ಮಾತ್ರ ಸಿಮೆಂಟು ಸಲ್ಲದು, ಬೇಗನೆ ಬಿರಿಯುತ್ತದೆ. ಅಲ್ಲಿಗೆ ಸಿಲಿಕೋನ್ ತುಂಬಿಸಿದರೆ, ಕಟ್ಟೆ ಒರೆಸುವ ನೀರು ಗೋಡೆಯೊಳಕ್ಕೆ ಇಳಿಯುವುದಿಲ್ಲ.